ಮುಯ್ಯಾಳು ಎಂದು ನಾನು ಬರೆದ ಹೇಳಿಕೆ

“ಅವ ಕೂಲಿಗಿ ಹೋಗೇ ಇದ್ದಿಲ್ಲ. ಪರಿಹಾರದ ಆಸೆಗಿ ಸುಳ್ಳು ಹೇಳ್ದ. ಕಲ್ಯಾಣದ ಕೋರ್ಟು ನಂಬಿತು, ಹೈಕೋರ್ಟು ಹಿಡೀತು.”

ನಮ್ಮೂರು ಕೊಹಿನೂರಿನಲ್ಲಿ ಬಲಗೈ ಕಳೆದುಕೊಂಡ ನನ್ನ ನೆರೆಯವನ ಬಗ್ಗೆ ಚಹಾದಂಗಡಿಯಲ್ಲಿ ಇಂದಿಗೂ ಆಡುವ ಮಾತಿದು. ಆಡುವವರಲ್ಲಿ ಒಬ್ಬರೂ ಆ ತೀರ್ಪನ್ನು ಓದಿಲ್ಲ. ನಾನು ಓದಿದ್ದೇನೆ.

ಸೋಯಾ ರಾಶಿಯ ದಿನಗಳಲ್ಲಿ ಅವನು ಊರಿನ ಹೊಲದ ಮಾಲೀಕರೊಬ್ಬರಲ್ಲಿ ದಿನಗೂಲಿಗೆ ದುಡಿಯುತ್ತಿದ್ದ. ಕಾಳು ಒಕ್ಕುವ ರಾಶಿ ಮಷೀನಿನ ಬಾಯಿಗೆ ಗಿಡ ಕೊಡುವಾಗ ಕೈ ಒಳಗೆ ಸೇರಿತು. ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ. ಮೂರನೆಯ ದಿನ ಮಾಲೀಕರು ನನ್ನನ್ನು ಹುಮನಾಬಾದಿನ ಆಸ್ಪತ್ರೆಗೆ ಕರೆದೊಯ್ದರು. ಶಾಲೆ ಕಂಡದ್ದು ಏಳೇ ವರ್ಷವಾದರೂ ಊರಿನ ಅರ್ಜಿಗಳನ್ನೆಲ್ಲ ಬರೆಯುವವನು ನಾನು. ಪೊಲೀಸರವರೆಗೆ ಹೋದರೆ ಇಬ್ಬರಿಗೂ ಅಲೆದಾಟವೆಂದೂ ಚಿಕಿತ್ಸೆಯನ್ನು ತಾವೇ ನೋಡಿಕೊಳ್ಳುವುದಾಗಿಯೂ ಹೇಳಿ, ಅವನು ಕೂಲಿಗಲ್ಲ, ಮುಯ್ಯಾಳಾಗಿ ಬಂದಿದ್ದನೆಂದು ಅವರು ನನ್ನಿಂದ ಬರೆಯಿಸಿದರು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ಆ ದುಡಿಮೆಯನ್ನು ದುಡಿಮೆಯಿಂದಲೇ ತೀರಿಸಿಕೊಳ್ಳುವ ಪದ್ಧತಿಗೆ ನಮ್ಮಲ್ಲಿ ಮುಯ್ಯಿ ಎನ್ನುತ್ತಾರೆ. ಸುಳ್ಳೆಂದು ತಿಳಿದೂ ಬರೆದೆ. ಓದಿ ಹೇಳಿದೆ. ನೋವಿನಲ್ಲಿದ್ದ ಅವನು ಹೂಂ ಎಂದ.

ಮಾಲೀಕರ ಮಾತು ಮೂರು ತಿಂಗಳಿಗೆ ಬತ್ತಿತು. ಅವನು ಬಸವಕಲ್ಯಾಣದ ಕೋರ್ಟಿನಲ್ಲಿ ಪರಿಹಾರ ಕೇಳಿದಾಗ ಮಾಲೀಕರ ಮಷೀನಿನ ವಿಮೆ ಕೂಲಿಯಾಳುಗಳಿಗೆ ಮಾತ್ರ ಎಂದು ವಾದಿಸಿದ ವಿಮಾ ಕಂಪನಿಯ ವಕೀಲರು ಆ ಹೇಳಿಕೆಯನ್ನು ಮುಂದಿಟ್ಟು ನನ್ನನ್ನೇ ಸಾಕ್ಷಿಗೆ ಕರೆಸಿದರು. ಅಕ್ಷರ ನಿಮ್ಮದೇ ಎಂದು ಕೇಳಿದರು, ಹೌದೆಂದೆ. ಬರೆದದ್ದು ನಿಜವೇ ಎಂದು ಯಾರೂ ಕೇಳಲಿಲ್ಲ. ಮಾಲೀಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನಾಗಿ ಹೇಳಲೂ ಇಲ್ಲ. ಆದರೂ ನ್ಯಾಯಾಧೀಶರು ಜೊತೆಯಲ್ಲಿ ದುಡಿದ ಕೂಲಿಗಳ ಮಾತು ನಂಬಿ ಪರಿಹಾರ ಕೊಟ್ಟರು. ಕಂಪನಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಮೇಲ್ಮನವಿ ಹಾಕಿತು. ಆದೇಶ ರದ್ದಾಯಿತು.

ತೀರ್ಪಿನ ನಕಲು ತರಿಸಿ, ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂಬತ್ತು ದಿನ ಓದಿದೆ. ಅವನು ಸುಳ್ಳುಗಾರನೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಕೂಲಿ ಕೊಟ್ಟದ್ದಕ್ಕೆ ದಾಖಲೆಯಿಲ್ಲ, ಅಪಘಾತವಾದ ಮೂರನೆಯ ದಿನವೇ ಯಾವ ಸ್ವಾರ್ಥವೂ ಇಲ್ಲದ ಅಕ್ಷರಸ್ಥನೊಬ್ಬ ಬರೆದ ಹೇಳಿಕೆಯನ್ನು ಅಲ್ಲಗಳೆಯಲು ಕಾರಣವಿಲ್ಲ ಎಂದಷ್ಟೇ ಇದೆ. ಆ ಅಕ್ಷರಸ್ಥ ನಾನು.

ಅದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿ, ತಪ್ಪು ನನ್ನದೆಂದೆ.

“ಆವತ್ತ ನಾ ಹೂಂ ಅನ್ನದಿದ್ರ ದವಾಖಾನಿ ಬಿಲ್ಲು ನಿಮ್ಮ ಪೆನ್ನು ಕಟ್ಟತಿತ್ತೇನ್ರಿ ಕಾಕಾ?” ಎಂದು ನಕ್ಕ. ಆಮೇಲೆ ತೀರ್ಪಿನ ನಕಲನ್ನು ಎಡಗೈಯಿಂದ ನನ್ನತ್ತ ಸರಿಸಿದ. “ಕೈ ಹೋತು, ರೊಕ್ಕಾನೂ ಹೋತು. ನನ್ನ ಮಗಳ ಮುಂದ ಸುಳ್ಳ ಸುಳ್ಳ ಅನ್ನಾಕತ್ತಾರಲ್ರಿ, ಅದೊಂದು ತೆಗೀರಿ.”

ತೆಗೆಯಲು ಊರೆಲ್ಲ ಹೇಳುತ್ತ ತಿರುಗಿದೆ. ಹೈಕೋರ್ಟಿಗಿಂತ ನೀವು ಶಾಣ್ಯಾರೇನು ಎಂದರು. ಅಷ್ಟರಲ್ಲಿ ತೀರ್ಪು ಊರಿಂದೂರಿಗೆ ತನ್ನದೇ ಪಾಠ ಕಲಿಸುತ್ತ ಹೋಗಿತ್ತು. ಕಳೆದ ಮಳೆಗಾಲದಲ್ಲಿ ಕೊಡಂಬಲದ ರೈತರೊಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ಅವರಲ್ಲಿ ಕೂಲಿಗಿದ್ದ ಹೆಣ್ಣುಮಗಳೊಬ್ಬಳ ಬೆರಳುಗಳು ಮೇವು ಕತ್ತರಿಸುವ ಮಷೀನಿಗೆ ಹೋಗಿದ್ದವು.

“ನೀವು ಬರ್ದ ಮಾತು ಹೈಕೋರ್ಟಿನಾಗ ಪಾಸಾಗ್ಯಾದಂತಲ್ರಿ ಕಾಕಾ. ಅದನ್ನೇ ಬರ್ದು ಕೊಡ್ರಿ” ಎಂದರು.

ಒಲ್ಲೆನೆಂದೆ. ಅವರು ಬೇಸರಿಸಲಿಲ್ಲ. ಹುಮನಾಬಾದಿನಲ್ಲಿ ಟೈಪು ಮಾಡಿಸಿಕೊಂಡರೆಂದು ಆಮೇಲೆ ಕೇಳಿದೆ.

ನನ್ನ ನೆರೆಯವನನ್ನು ಸುಳ್ಳುಗಾರ ಎನ್ನುವವರು ನನ್ನನ್ನೂ ನಂಬಬೇಕಿಲ್ಲ. ಒಮ್ಮೆ ಸುಳ್ಳು ಬರೆದವನು ನಾನು. ಮುಯ್ಯಿ ತೀರಿಸಿಕೊಳ್ಳಲು ಮುಯ್ಯಾಳಿಗೂ ಒಂದು ಹೊಲ ಇರಬೇಕು ಎಂಬುದು ಮಾತ್ರ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಎರಡೂ ಕೋರ್ಟುಗಳಲ್ಲಿ ಯಾರೂ ತೆರೆದು ನೋಡದ ಊರಿನ ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ. ಮೊದಲ ಸರ್ವೆ ನಂಬರಿನಿಂದ ಕೊನೆಯದರವರೆಗೆ ಯಾರು ಬೇಕಾದರೂ ಹುಡುಕಲಿ. ಅವನ ಹೆಸರಿನಲ್ಲಿ, ಅವನ ತಂದೆಯ ಹೆಸರಿನಲ್ಲಿ, ಅವನ ಹೆಂಡತಿಯ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇಲ್ಲ.