ಚಿತ್ತಾಪುರ ಸ್ಟೇಷನ್ನಿನ ಬನ್ನಿ

ಅಪ್ಪನ ಕಾಕಾ ಅಪ್ಪನಿಗಿಂತ ಎರಡು ವರ್ಷ ಚಿಕ್ಕವನು. ಅತ್ತೆ ಸೊಸೆ ಹಿಂದುಮುಂದಾಗಿ ಹಡೆಯುತ್ತಿದ್ದ ಕಾಲದ ದೊಡ್ಡ ಮನೆಗಳಲ್ಲಿ ಇದೇನೂ ಹೊಸದಲ್ಲ. ಅಪ್ಪನ ಅಜ್ಜಿ ತನ್ನ ಕೊನೆಯ ಮಗನನ್ನು ಹೆತ್ತಾಗ ಅವಳ ಸೊಸೆಯ, ಅಂದರೆ ಅಪ್ಪನ ತಾಯಿ, ನನ್ನ ಆಯಿಯ ಮಡಿಲಲ್ಲಿ ಆಗಲೇ ಅಪ್ಪ ಆಡುತ್ತಿದ್ದ. ಅತ್ತೆಗೆ ಹಾಲು ಸಾಲದೆ ಆಯಿಯೇ ಮೈದುನನಿಗೂ ಎದೆಹಾಲು ಕುಡಿಸಿದಳಂತೆ. ಹೀಗೆ ಒಂದೇ ಹಾಲು ಕುಡಿದು, ಸೇಡಂನ ಒಂದೇ ಉರ್ದು ಶಾಲೆಯಲ್ಲಿ ಒಂದೇ ಮೌಲ್ವಿ ಸಾಹೇಬರ ಛಡಿಯೇಟು ತಿಂದು ಬೆಳೆದ ಇಬ್ಬರೂ ಸಂಬಂಧದಲ್ಲಿ ಕಾಕಾ ಮತ್ತು ಅಣ್ಣನ ಮಗ, ನಡತೆಯಲ್ಲಿ ಜೋಡಿ ಗೆಳೆಯರು. ಅಪ್ಪ ಅವನನ್ನು ಕಾಕಾ ಎಂದು ಕರೆಯುತ್ತಿದ್ದದ್ದು ಚೇಷ್ಟೆಗೆ ಮಾತ್ರ. ನಮ್ಮ ಕಡೆ ಅಜ್ಜನಿಗೆ ಮುತ್ತ್ಯಾ ಅನ್ನುತ್ತಾರೆ, ಆದ್ದರಿಂದ ನನಗೆ ಅವನು ಸಣ್ಣ ಮುತ್ತ್ಯಾ.

ಸಣ್ಣ ಮುತ್ತ್ಯಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕ್ಯಾಬಿನ್ನಿನ ಕೆಲಸದವನು. ಯಾವ ಗಾಡಿ ಮುಂದೆ ಹೋಗಬೇಕು, ಯಾವುದು ಕಾಯಬೇಕು ಎಂಬುದಕ್ಕೆ ತಕ್ಕಂತೆ ಸಿಗ್ನಲ್ಲಿನ ಹಿಡಿಕೆ ಎಳೆಯುವುದು ಅವನ ಉದ್ಯೋಗ. ಅಪ್ಪ ಸೇಡಂನ ತಹಶೀಲ್ ಕಚೇರಿಯಲ್ಲಿ ಗುಮಾಸ್ತ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದವೆಲ್ಲ ಕನ್ನಡಕ್ಕೆ ತಿರುಗಿತು. ಉರ್ದುವಿನಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಅಪ್ಪ, ನನ್ನ ಪಕ್ಕದಲ್ಲಿ ಕುಳಿತು ಒತ್ತಕ್ಷರ ತಿದ್ದುತ್ತಿದ್ದ. ಆ ದಿನಗಳಲ್ಲಿ ಸಣ್ಣ ಮುತ್ತ್ಯಾ ರಜೆ ಸಿಕ್ಕಾಗಲೆಲ್ಲ ಮೈತುಂಬ ಇಂಜಿನ್ನಿನ ಮಸಿ ಹೊತ್ತು ಸೇಡಂಗೆ ಬರುತ್ತಿದ್ದ. ಇಬ್ಬರೂ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಅಂಗಿ ಬಿಚ್ಚಿ ಮಲಗಿ, ಮೌಲ್ವಿ ಸಾಹೇಬರ ಅಣಕ ಮಾಡಿ ನಗುತ್ತಿದ್ದರು.

ನಾನು ನನ್ನ ಆಯುಷ್ಯವನ್ನೆಲ್ಲ ಶಾಂತಿಯ ಅಧ್ಯಯನದಲ್ಲಿ ಕಳೆದವಳು. ದೇಶದೇಶಗಳು ಹೇಗೆ ಜಗಳ ಬಿಡುತ್ತವೆ, ಒಪ್ಪಂದ ಏಕೆ ಉಳಿಯುತ್ತದೆ, ಏಕೆ ಮುರಿಯುತ್ತದೆ, ಜಗತ್ತಿಗೆಲ್ಲ ಒಂದು ಆಡಳಿತದ ಏರ್ಪಾಡು ಸಾಧ್ಯವೇ ಎಂಬುದೇ ನನ್ನ ಪಾಠ, ನನ್ನ ಪಗಾರ. ಸೇಡಂನ ಹುಡುಗಿ ಇದಕ್ಕೆ ಹೇಗೆ ಬಂದಳು ಎಂದು ಕೇಳಿದವರಿಗೆ ನಾನು ಯುದ್ಧ, ಗಡಿ ಎಂದು ದೊಡ್ಡ ಮಾತು ಹೇಳಿ ಸಾಗಹಾಕುತ್ತಿದ್ದೆ. ನಿಜವಾಗಿ ನೋಡಿದರೆ ಅದು ಚಿಂಚೋಳಿಯ ಒಂದು ಮದುವೆ ಊಟದಲ್ಲಿ ಶುರುವಾದದ್ದು.

ನಾನು ಆಗ ಮಿಡ್ಲ್ ಸ್ಕೂಲ್ ಪಾಸಾಗಿದ್ದೆ. ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಸಣ್ಣ ಮುತ್ತ್ಯಾ ಬೀಗರೆಲ್ಲರ ಮುಂದೆ ಸಾರಿಬಿಟ್ಟ: ಹುಡುಗಿಯನ್ನು ವಾಡಿಯಲ್ಲಿ ತನ್ನ ಮನೆಯಲ್ಲಿಟ್ಟುಕೊಂಡು, ದಿನಾ ಗಾಡಿ ಹತ್ತಿಸಿ ಶಹಾಬಾದಿನ ಹೈಸ್ಕೂಲಿಗೆ ಕಳಿಸುತ್ತಾನಂತೆ. ಮಾತು ಒಳ್ಳೆಯದೇ. ಆದರೆ ಮಗಳನ್ನು ಹೆತ್ತವನನ್ನು ಒಂದು ಮಾತು ಕೇಳಿರಲಿಲ್ಲ. ಅಪ್ಪನ ಮುಖ ಕೆಂಪಾಯಿತು.

“ನಿನಕಿಂತ ದೊಡ್ಡವ ಅದೀನಿ. ನನ್ನ ಮಗಳ ಮಾತು ನನಗ ಬಿಡು” ಅಂದ.

“ವಯಸ್ಸಿಲೆ ದೊಡ್ಡವ ಇರು. ಸಂಬಂಧದಾಗ ನಾ ನಿನಗ ಕಾಕಾ. ಈ ಮನೆತನಕ್ಕ ಹಿರಿಯ ನಾನಽ” ಎಂದ ಸಣ್ಣ ಮುತ್ತ್ಯಾ. ಅವನು ನಗುತ್ತಲೇ ಹೇಳಿದ್ದ. ಪಂಕ್ತಿಯವರೂ ನಕ್ಕರು, ಕೆಲಸ ಕೆಟ್ಟದ್ದೇ ಅಲ್ಲಿ. ಅಪ್ಪ ಅರ್ಧ ಊಟದ ಎಲೆ ಬಿಟ್ಟು ಎದ್ದ. ನಮ್ಮಲ್ಲಿ ಬೈದರೆ ಮರೆಯುತ್ತಾರೆ, ಹೊಡೆದರೂ ಮರೆತಾರು. ಎಲೆ ಬಿಟ್ಟು ಎದ್ದದ್ದನ್ನು ಮರೆಯುವುದಿಲ್ಲ. ಅಂದಿನಿಂದ ಇಬ್ಬರ ಮಾತು ನಿಂತಿತು.

ಅದೇ ವರ್ಷ ಅಪ್ಪ ನನ್ನನ್ನು ಕಲಬುರ್ಗಿಗೆ ಕರೆದೊಯ್ದು ಹೈಸ್ಕೂಲಿಗೆ ಹಾಕಿ, ಬಳಗದವರ ಮನೆಯಲ್ಲಿ ಬಿಟ್ಟು ಬಂದ. ವಾಡಿಗೆ ಕಳಿಸಬಾರದು, ಆದರೆ ಓದಿಸಲಿಲ್ಲ ಅನ್ನಿಸಿಕೊಳ್ಳಲೂಬಾರದು! ಹೆಣ್ಣುಮಕ್ಕಳಿಗೆ ಓದು ಯಾತಕ್ಕೆ ಎನ್ನುವವರೇ ಹೆಚ್ಚಿದ್ದ ಊರಿನಲ್ಲಿ, ಕಾಕಾನ ಮೇಲಿನ ಹಠದಿಂದ ನನ್ನ ಓದು ಸಾಗಿತು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುತ್ತಾರಲ್ಲ, ಆ ಮೂರನೆಯವಳು ನಾನು. ರಜೆಗೆ ಊರಿಗೆ ಹೋಗಿ ಬರುವಾಗ ಗಾಡಿ ವಾಡಿಯಲ್ಲಿ ನಿಂತಾಗಲೆಲ್ಲ ನಾನು ಕಿಟಕಿಯಿಂದ ಕ್ಯಾಬಿನ್ನಿನ ಕಡೆ ನೋಡುತ್ತಿದ್ದೆ. ಒಮ್ಮೊಮ್ಮೆ ಮೇಲಿನಿಂದ ಒಂದು ಕೈ ಬೀಸುತ್ತಿತ್ತು.

ಕಲಬುರ್ಗಿಯಿಂದ ಧಾರವಾಡ, ಅಲ್ಲಿಂದ ದಿಲ್ಲಿ. ಎಲ್ಲಿದ್ದರೂ ದಸರೆಗೆ ಊರಿಗೆ ಬರುತ್ತಿದ್ದೆ. ನಮ್ಮ ಕಡೆ ದಸರೆಯ ಸಂಜೆ ಊರಾಚೆಯ ಬನ್ನಿ ಗಿಡಕ್ಕೆ ಪೂಜೆ ಮಾಡಿ, ಎಲೆ ತಂದು, ಮನೆಮನೆಗೆ ಹೋಗಿ ಹಂಚುತ್ತೇವೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಹೇಳಿ, ಕಿರಿಯರು ಹಿರಿಯರ ಕೈಗೆ ಎಲೆಯಿಟ್ಟು ಕಾಲು ಮುಟ್ಟಬೇಕು. ಮಾತು ಬಿಟ್ಟವರಿಗೆ ಅದೊಂದು ದೊಡ್ಡ ದಾರಿ. ಯಾಕೆ ಬಂದೆ ಎಂದು ಆ ದಿನ ಯಾರೂ ಕೇಳುವಂತಿಲ್ಲ, ಕೊಟ್ಟ ಎಲೆಯನ್ನು ಬೇಡ ಅನ್ನುವಂತಿಲ್ಲ. ಎಷ್ಟೋ ವರ್ಷದ ಹಗೆ ಒಂದು ಎಲೆಯಲ್ಲಿ ಮುಗಿದದ್ದನ್ನು ಕಂಡಿದ್ದೇನೆ. ಆದರೆ ಹೋಗಬೇಕಾದವನು ಕಿರಿಯ. ಹಿರಿಯನಾದವನು ಮನೆಯಲ್ಲಿ ಕೂತು ಕಾಯಬೇಕು.

ಅಪ್ಪ ಕಾಯುತ್ತಿದ್ದ. ಪಡಸಾಲೆ ತೊಳೆಸಿ, ಬಾಗಿಲಿಗೆ ಎದುರಾಗಿ ಕುಳಿತು, ತಟ್ಟೆಯಲ್ಲಿ ಬನ್ನಿ ಇಟ್ಟುಕೊಂಡಿರುತ್ತಿದ್ದ. ಓಣಿಯವರು ಬಂದು ಹೋದ ಮೇಲೂ ಏಳುತ್ತಿರಲಿಲ್ಲ. ವಾಡಿಯ ಕಡೆಯ ಗಾಡಿ ಬಂದ ಸದ್ದು ಕೇಳಿದರೆ ಧೋತರ ಸರಿಮಾಡಿಕೊಳ್ಳುತ್ತಿದ್ದ. ಹೋಳಿಗೆ ಆರುತ್ತವೆ ಎಂದು ಅವ್ವ ಕರೆದರೆ, ಇನ್ನೊಂದಿಷ್ಟು ತಡಿ ಅನ್ನುತ್ತಿದ್ದ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಹೊಸತು. ಒಂದು ದಸರೆಯ ಸಂಜೆ ದಿಲ್ಲಿಯಿಂದ ಬರುವಾಗ ನಾನು ವಾಡಿಯಲ್ಲಿಳಿದು ಸಣ್ಣ ಮುತ್ತ್ಯಾನ ಮನೆಗೆ ಹೋದೆ. ರೈಲ್ವೆ ಕ್ವಾರ್ಟರ್ಸಿನ ಬಾಗಿಲು ಹಾರುಹೊಡೆದಿತ್ತು. ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಸಣ್ಣ ಮುತ್ತ್ಯಾ ಕುಳಿತಿದ್ದ, ಪಕ್ಕದ ಸ್ಟೂಲಿನ ಮೇಲೆ ತಟ್ಟೆಯಲ್ಲಿ ಬನ್ನಿ. ಸೇಡಂನಿಂದ ಗಾಡಿ ಬರುವ ಹೊತ್ತಾಯಿತು ಎಂದು ಅವನ ಹೆಂಡತಿ, ನನ್ನ ಸಣ್ಣ ಆಯಿ, ನನ್ನ ಕಿವಿಯಲ್ಲಿ ಹೇಳಿದಳು. ನನಗೆ ನಗು ಬಂತು. ಅಪ್ಪ ವಯಸ್ಸಿನಲ್ಲಿ ತಾನು ಹಿರಿಯ ಎಂದು ಕಾಯುತ್ತಿದ್ದ, ಇವನು ಸಂಬಂಧದಲ್ಲಿ ತಾನು ಹಿರಿಯ ಎಂದು ಕಾಯುತ್ತಿದ್ದ. ಇಬ್ಬರಿಗೂ ಸಿಟ್ಟು ಎಂದೋ ಇಳಿದಿತ್ತು. ಇಷ್ಟು ವರ್ಷ ಇಬ್ಬರೂ ಬಾಗಿಲು ತೆರೆದಿಟ್ಟು ಕುಳಿತಿದ್ದರು, ಬರುವವರೇ ಇರಲಿಲ್ಲ.

ನಾನು ಆ ವರ್ಷ ಬರೆಯುತ್ತಿದ್ದದ್ದು ಇದನ್ನೇ. ಎರಡು ದೇಶಗಳಿಗೆ ರಾಜಿ ಬೇಕಾಗಿದ್ದರೂ, ಮೊದಲು ಹೆಜ್ಜೆ ಇಟ್ಟವನು ಸೋತವನಾಗುತ್ತಾನೆ ಎಂಬ ಅಂಜಿಕೆಯಿಂದ ಯಾರೂ ಏಳುವುದಿಲ್ಲ. ಅದಕ್ಕೆ ನಮ್ಮ ವಿದ್ಯೆಯಲ್ಲಿ ಮದ್ದಿದೆ: ಇಬ್ಬರದ್ದೂ ಅಲ್ಲದ ಜಾಗ, ಸಮನಾದ ಕುರ್ಚಿ, ಒಂದೇ ಗಳಿಗೆಗೆ ಇಬ್ಬರ ಪ್ರವೇಶ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೇಡಂ ಮತ್ತು ವಾಡಿಯ ನಡುವೆ ಚಿತ್ತಾಪುರ ಸ್ಟೇಷನ್ ಇತ್ತಲ್ಲ! ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಆಗಲೇ ವಾಡಿಯಲ್ಲಿ ಅವನನ್ನು, ರಾತ್ರಿ ಸೇಡಂಗೆ ಹೋಗಿ ಅಪ್ಪನನ್ನು ಒಪ್ಪಿಸುವುದು ನೆನೆಸಿದಷ್ಟು ಕಷ್ಟವಾಗಲಿಲ್ಲ. ಅವನು ಬರ್ತಾನೇನು ಎಂದು ಇಬ್ಬರೂ ಒಂದೇ ಮಾತು ಕೇಳಿದರು. ದಸರೆಯ ಮರುದಿನ ನಾನು ಯಾರ ಕಡೆಯವಳೂ ಆಗಬಾರದೆಂದು ಮೊದಲ ಗಾಡಿಗೇ ಚಿತ್ತಾಪುರಕ್ಕೆ ಹೋಗಿ ನಿಂತೆ. ಅಪ್ಪನ ಗಾಡಿ ಬಂತು, ಅವನನ್ನು ಪ್ಲಾಟ್‌ಫಾರ್ಮಿನ ಆ ತುದಿಗೆ ನಿಲ್ಲಿಸಿದೆ. ವಾಡಿಯ ಗಾಡಿ ಬಂತು, ಸಣ್ಣ ಮುತ್ತ್ಯಾನನ್ನು ಈ ತುದಿಗೆ ನಿಲ್ಲಿಸಿದೆ. ನಡುವಿನ ಕಲ್ಲಿನ ಬೆಂಚಿನ ಹತ್ತಿರ ನಿಂತು ಕೈಯೆತ್ತಿದೆ. ಇಬ್ಬರೂ ನಡೆದು ಬಂದರು. ಸಣ್ಣ ಮುತ್ತ್ಯಾ ಬಿಳಿ ಟೋಪಿ ಹಾಕಿದ್ದ, ಅಪ್ಪ ಮದುವೆಗೆ ಹಾಕುವ ಕೋಟು ಹಾಕಿದ್ದ. ನಾನು ಹೇಳಿಕೊಟ್ಟಂತೆ ಒಟ್ಟಿಗೇ ಕೈಚಾಚಿ ಬನ್ನಿ ಕೊಟ್ಟರು, ಒಟ್ಟಿಗೇ ತೆಗೆದುಕೊಂಡರು. ಯಾರೂ ಯಾರ ಕಾಲನ್ನೂ ಮುಟ್ಟಲಿಲ್ಲ.

“ಆರಾಮ ಅದೀ?”

“ಅದೀನಿ. ನೀ?”

ಬೆಂಚಿನ ಎರಡು ತುದಿಗೆ ಕುಳಿತು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಚಹಾ ಕುಡಿದರು. ತೊಗರಿಯ ಬೆಳೆ ಹೇಗಿದೆ, ಕಾಗಿಣಾ ಹೊಳೆಗೆ ಎಷ್ಟು ನೀರು ಬಂದಿತ್ತು ಎಂಬ ಮಾತಾಯಿತು. ಮೌಲ್ವಿ ಸಾಹೇಬರ ಸುದ್ದಿ ಬರಲಿಲ್ಲ. ಗಾಡಿಯ ಹೊತ್ತಾದಾಗ ಇಬ್ಬರೂ ನನಗೆ, ಒಬ್ಬರಾದ ಮೇಲೆ ಒಬ್ಬರು, ಒಳ್ಳೇದ ಮಾಡಿದಿ ಯವ್ವಾ ಅಂದರು.

ಹೌದು, ನಾನು ಹಿಗ್ಗಿದೆ. ಹೆಸರು ಸಂಬಂಧ ಹೇಳದೆ ಈ ಕತೆಯನ್ನು ಎಷ್ಟೋ ಕಡೆ ಹೇಳಿದೆ. ಹೊರದೇಶದ ಒಂದು ಸಭೆಯಲ್ಲಿ ಮೇಜು ಕುಟ್ಟಿ ಮೆಚ್ಚಿದರು. ಇಷ್ಟು ಸರಳವಾಗಿ ಯಾರೂ ವಿವರಿಸಿರಲಿಲ್ಲ ಎಂದರು. ನನಗೆ ಆಮೇಲೆ ಸಿಕ್ಕ ಕೆಲಸಗಳಿಗೆ, ಕಮಿಟಿಗಳಿಗೆ ಆ ಕತೆಯೂ ಕಾರಣವಾಗಿರಬೇಕು.

ಮುಂದಿನ ದಸರೆಗೆ ಊರಿಗೆ ಬಂದೆ. ಸಂಜೆ ಪಡಸಾಲೆಯಲ್ಲಿ ಅಪ್ಪ ಇರಲಿಲ್ಲ. ಒಳಗೆ ಕೂತು ಊಟ ಮಾಡುತ್ತಿದ್ದ. ವಾಡಿಯ ಗಾಡಿ ಬಂದ ಸದ್ದಾಯಿತು, ಅವನು ತುತ್ತಿನಿಂದ ತಲೆ ಎತ್ತಲಿಲ್ಲ. ಇವತ್ತು ಹೊರಗೆ ಕೂಡಲಿಲ್ಲವೇ ಎಂದೆ.

“ಯಾರನ್ನ ಕಾಯ್ಲಿ? ನಮ್ದು ಮುಗಿದದಲ್ಲ.”

ಮುಗಿದದ್ದು ಜಗಳ ಎಂದು ಆ ಹೊತ್ತಿಗೆ ಅಂದುಕೊಂಡೆ. ಬರಬರುತ್ತಾ ತಿಳಿಯಿತು, ಮುಗಿದದ್ದು ಬರೀ ಜಗಳವಲ್ಲ. ಮದುವೆ ಮುಂಜಿಗೆ ಎರಡೂ ಮನೆಯ ಕರೆ ಹೋಗುತ್ತಿತ್ತು, ಬರುತ್ತಿತ್ತು. ಸಿಕ್ಕಾಗ ಇಬ್ಬರೂ ಮರ್ಯಾದೆಯಿಂದ ತಲೆಯಾಡಿಸಿ ಬೇರೆಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು. ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ನನ್ನ ಪುಸ್ತಕಗಳ ಲೆಕ್ಕದಲ್ಲಿ ಅದು ಅಪ್ಪಟ ಶಾಂತಿ, ಮುರಿಯದ ಒಪ್ಪಂದ. ನಾನು ತಡೆಯಲಾರದೆ ಒಮ್ಮೆ, ಈ ಸಲ ನೀನೇ ವಾಡಿಗೆ ಹೋಗಿ ಬಾ ಎಂದು ಅಪ್ಪನಿಗೆ ಹೇಳಿದೆ.

“ಏನಂತ ಹೇಳಿ ಹೋಗ್ಲಿ? ಜಗಳ ಇದ್ರ ಹೋಗಬಹುದಿತ್ತು” ಎಂದ.

ಬನ್ನಿ ಇದ್ದದ್ದೇ ಒಬ್ಬನು ಬಾಗಲಿ ಎಂದು. ಬಾಗಿದವನನ್ನು ಇನ್ನೊಬ್ಬನು ಭುಜ ಹಿಡಿದೆತ್ತಿ ಒಳಗೆ ಕರೆದೊಯ್ಯಬೇಕು, ಮನೆಯವರು ಊಟದ ಎಲೆ ಹಾಕಬೇಕು. ನಾನು ಯಾರೂ ಬಾಗದಂತೆ, ಯಾರೂ ಎತ್ತದಂತೆ, ಹೊಸ್ತಿಲೇ ಇಲ್ಲದ ಜಾಗದಲ್ಲಿ ಅದನ್ನು ಮುಗಿಸಿಬಿಟ್ಟೆ. ಅವರಿಬ್ಬರ ನಡುವೆ ಉಳಿದಿದ್ದದ್ದು ಆ ಕಾಯುವಿಕೆಯೊಂದೇ, ಅದನ್ನೂ ತೆಗೆದೆ. ಈ ಸಂಕಟ ನನ್ನನ್ನು ಬಿಟ್ಟಿಲ್ಲ. ಆಮೇಲೆ ಚಿತ್ತಾಪುರದ ಕತೆಯನ್ನು ಯಾವ ಸಭೆಯಲ್ಲೂ ಹೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ, ನಾನು ಸೇಡಂನಲ್ಲಿದ್ದ ಬೇಸಿಗೆಯ ಒಂದು ಬೆಳಿಗ್ಗೆ, ಸಣ್ಣ ಮುತ್ತ್ಯಾ ತೀರಿಕೊಂಡನೆಂದು ವಾಡಿಯಿಂದ ಸುದ್ದಿ ಬಂತು. ಅಪ್ಪನೂ ನಾನೂ ಸಿಕ್ಕ ಗಾಡಿ ಹತ್ತಿದೆವು. ವಾಡಿಯಲ್ಲಿಳಿದು ನಾನು ಕೈಚೀಲ ಸರಿಮಾಡಿಕೊಳ್ಳುವಷ್ಟರಲ್ಲಿ ಅಪ್ಪ ಒಬ್ಬ ಪೋರ್ಟರನನ್ನು ನಿಲ್ಲಿಸಿ ಮನೆ ಎಲ್ಲಿ ಬರುತ್ತದೆ ಎಂದು ಕೇಳುತ್ತಿದ್ದ. ಒಂದೇ ಎದೆಯ ಹಾಲು ಕುಡಿದವನ ಮನೆಗೆ ಅವನಿಗೆ ದಾರಿ ಗೊತ್ತಿರಲಿಲ್ಲ.

ಮನೆಯ ತುಂಬ ರೈಲ್ವೆಯವರು. ಸಣ್ಣ ಆಯಿ ಗೋಡೆಗೆ ಒರಗಿ ಕುಳಿತಿದ್ದಳು. ಅಪ್ಪನನ್ನು ನೋಡಿ ಅವಳು ಅಳಲಿಲ್ಲ, ಬೈಯಲಿಲ್ಲ.

“ಮೊದಲೆಲ್ಲ ಹಬ್ಬದ ದಿನ ಬಾಗಿಲಾ ಹಾಕಲಿಕ್ಕ ಬಿಡ್ತಿದ್ದಿಲ್ಲ. ಚಿತ್ತಾಪುರಕ್ಕ ಹೋಗಿ ಬಂದ ಮ್ಯಾಲ ದೀಪ ಹಚ್ಚೂದರಾಗ ತಾನಽ ಎದ್ದು ಹಾಕ್ತಿದ್ದ” ಅಂದಳು.

ಅಪ್ಪ ಚಪ್ಪಲಿ ಬಿಟ್ಟು ಸಣ್ಣ ಮುತ್ತ್ಯಾನ ದೇಹದ ಹತ್ತಿರ ಹೋದ. ಆಮೇಲೆ ಗೋಡೆ ಹಿಡಿದುಕೊಂಡು ಬಗ್ಗಿ, ತನಗಿಂತ ಎರಡು ವರ್ಷ ಚಿಕ್ಕವನ ಎರಡೂ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾಕಾ ಅಂದ. ಈ ಸಲ ಚೇಷ್ಟೆಯಿರಲಿಲ್ಲ.

ಮಣ್ಣು ಮುಗಿಸಿ ಮರುದಿನ ಮಧ್ಯಾಹ್ನದ ಗಾಡಿಗೆ ಹೊರಟೆವು. ಅಪ್ಪ ಕಿಟಕಿಯ ಹತ್ತಿರ ಕುಳಿತಿದ್ದ. ವಾಡಿಯ ಕ್ಯಾಬಿನ್ ದಾಟುವವರೆಗೆ ಅದನ್ನೇ ನೋಡಿದ. ನಂತರ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಯಾರದೋ ಮಾತು ಹೇಳುವವನ ಹಾಗೆ ಹೇಳಿದ:

“ಕಾಲು ಮುಟ್ಟಲಿಕ್ಕ ನನಗೇನ ಅಡ್ಡಿ ಇದ್ದಿಲ್ಲ ಯವ್ವಾ. ಆಗ ಇನ್ನೊಂದ ದಸರಾ ತಡದಿದ್ರ ನಾನಽ ವಾಡಿಗಿ ಹೋಗಾಂವ ಇದ್ದೆ. ಅಷ್ಟರಾಗ ನೀ ಚಿತ್ತಾಪುರಕ್ಕ ಕರದಿ.”

ಚಿತ್ತಾಪುರ ಬಂತು. ಗಾಡಿ ಸರಿಯಾಗಿ ಆ ಕಲ್ಲಿನ ಬೆಂಚಿಗೆ ಎದುರಾಗಿ ನಿಂತಿತು. ಚಹಾ ಮಾರುವವನು ಕಿಟಕಿಗೆ ಬಂದ. ಕುಡಿಯುತ್ತೀಯಾ ಎಂದು ಅಪ್ಪನನ್ನು ಕೇಳಿದೆ. ಬೇಡವೆಂದು ತಲೆಯಾಡಿಸಿ, ಗಾಡಿ ಬಿಡುವವರೆಗೆ ಕಣ್ಣು ಮುಚ್ಚಿಕೊಂಡು ಕುಳಿತ.