ಕಾಂಪೌಂಡರಿಗೆ ಹುಚ್ಚು ಹಿಡಿದ ದಿನ

ನಾನು ಚನ್ನಪಟ್ಟಣದ ಆಸ್ಪತ್ರೆಗೆ ಡಾಕ್ಟರಾಗಿ ಹೊಸದಾಗಿ ಸೇರಿದ್ದೆ. ಓದುವಾಗ ಜ್ವರಕ್ಕೆ, ಗಾಯಕ್ಕೆ ಏನು ಮಾಡಬೇಕೆಂದು ಕಲಿಸಿದ್ದರು. ಮನಸ್ಸು ಕೆಟ್ಟವನು ಎದುರು ಬಂದು ನಿಂತರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅಂಥವರನ್ನು ಊರಿನವರು ಕೈಕಾಲು ಕಟ್ಟಿ ತರುತ್ತಿದ್ದರು. ನಾವು ಹಾಗೆಯೇ ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸಾಗಿಸುತ್ತಿದ್ದೆವು.

ಈ ಪದ್ಧತಿ ಬಿಡಿಸಲೆಂದು ಬೆಂಗಳೂರಿನಿಂದ ಹಿರಿಯ ಡಾಕ್ಟರೊಬ್ಬರು ಬಂದರು. ಮಾಗಡಿ, ಕ್ಲೋಸ್‌ಪೇಟೆ, ಕಾನಕಾನಹಳ್ಳಿಯ ಡಾಕ್ಟರುಗಳೂ ಪಾಠಕ್ಕೆ ಸೇರಿದ್ದರು. ರೋಗಿ ಕೈ ಎತ್ತಿದರೆ ನೀವು ಎತ್ತಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅಂಗೈ ಕಾಣುವಂತೆ ನೆಲಕ್ಕೆ ಕೂತುಬಿಡಿ ಎಂದರು. ಬರೀ ಕೇಳಿದರೆ ಮೈಗೆ ಹತ್ತುವುದಿಲ್ಲ, ಯಾರಾದರೂ ಹುಚ್ಚನಾಗಿ ನಟಿಸಿ ಎಂದು ಕೇಳಿಕೊಂಡರು. ನಮ್ಮ ಕಾಂಪೌಂಡರು ನಗುತ್ತ ಎದ್ದ. ನನ್ನದೇ ವಯಸ್ಸಿನವನು. ಊರಿನ ಬಯಲಾಟದಲ್ಲಿ ರಾಕ್ಷಸನ ಪಾತ್ರ ಯಾವಾಗಲೂ ಅವನದೇ.

ಕೊಠಡಿಯ ಬಾಗಿಲು ತೆರೆದಿತ್ತು. ಹೊರಗೆ ಜಗಲಿಯ ಮೇಲೆ ಔಷಧಿಗೆ ಕಾದವರು ಕೂತಿದ್ದರು: ಗೊಂಬೆ ಮಾಡುವವರು, ರೇಷ್ಮೆ ನೂಲು ಬಿಚ್ಚುವವರು, ಸುತ್ತಲಿನ ರೈತರು. ಅವರಿಗೆ ಪಾಠದ ವಿಷಯ ತಿಳಿಯದು. ಕಾಂಪೌಂಡರು ಅಂಗಿ ಹರಿದುಕೊಂಡು ಅಬ್ಬರಿಸಿದ. ಔಷಧಿ ಕುಟ್ಟುವ ಕಬ್ಬಿಣದ ಕೋಲನ್ನು ಹಿರಿಯ ಡಾಕ್ಟರ ತಲೆಯ ಮೇಲೆ ಎತ್ತಿದ. ಅವರು ತಾವು ಕಲಿಸಿದಂತೆಯೇ ಸರಕ್ಕನೆ ನೆಲಕ್ಕೆ ಕೂತರು.

ಜಗಲಿಯವರ ಕಣ್ಣಿಗೆ ಡಾಕ್ಟರು ಏಟು ತಿಂದು ಬಿದ್ದಂತೆ ಕಂಡಿತು.

ಬಾರುಕೋಲು ಹಿಡಿದಿದ್ದ ರೈತನೊಬ್ಬ ಮೊದಲು ನುಗ್ಗಿದ. "ಹೆದ್ರಬ್ಯಾಡಿ ಸ್ವಾಮಿ, ನಾವಿದೀವಿ," ಎಂದು ಕಾಂಪೌಂಡರ ಮುಖಕ್ಕೆ ಬೀಸಿದ. ಕಬ್ಬಿಣದ ಕೋಲು ಅವನ ಕೈಯಿಂದ ಜಾರಿ ಗೋಡೆಯತ್ತ ಉರುಳಿತು. ಏಳೆಂಟು ಜನ ಮೇಲೆ ಬಿದ್ದರು. ಕಾಂಪೌಂಡರು ನೆಲಕ್ಕೆ ಒತ್ತಿದ ಬಾಯಿಂದಲೇ ಹೇಳುತ್ತಿದ್ದ: "ನಂಗೇನೂ ಆಗಿಲ್ಲ ಕಣ್ರಪ್ಪೋ, ಯಾಸ ಹಾಕಿದ್ದೆ."

"ಹುಚ್ಚು ಹಿಡ್ದೋರೆಲ್ಲ ಇಂಗೇ ಅನ್ನದು ಕಣ್ಲಾ, ಬಿಗಿಯಾಗಿ ಕಟ್ಟು," ಎಂದ ಮೇಲೆ ಬಿದ್ದವರಲ್ಲೊಬ್ಬ.

"ಡಾಕ್ಟ್ರ ಅನ್ನ ತಿಂದು ಡಾಕ್ಟ್ರಿಗೇ ಹೊಡೀತೀಯೇನ್ಲಾ?"

ಅದು ನಟನೆ, ಬಿಡಿ ಎಂದು ನಾವು ಡಾಕ್ಟರುಗಳೆಲ್ಲ ಕೂಗಿಕೊಂಡೆವು. ಗದ್ದಲದಲ್ಲಿ ಮಾತು ಕೇಳಿಸದೆ, ನಾವು ಭಯದಿಂದ ಕೂಗುತ್ತಿದ್ದೇವೆಂದು ತಿಳಿದು ಅವರು ಇನ್ನೂ ಬಲವಾಗಿ ಬಡಿದರು. ಎತ್ತಿನ ಹಗ್ಗ ಬಂತು. ಅವನ ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುಚಿದಾಗ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಒಣಗಿದ ಹಿಪ್ಪುನೇರಳೆ ಕಡ್ಡಿ ಮುರಿದಂತೆ. ಹಗಲಲ್ಲಿ ಸುಮ್ಮನೆ ಕೂತಿರುವಾಗಲೂ ಅದು ನನಗೆ ಕೇಳಿಸುತ್ತದೆ.

ಕೊನೆಗೆ ಹಿರಿಯರು ಅವನ ಮೇಲೆ ಅಡ್ಡ ಬಿದ್ದರು. ಬೀಸಿದ ಬಾರುಕೋಲಿನ ಹಿಡಿ ಅವರ ನೆತ್ತಿಗೆ ತಾಗಿ ರಕ್ತ ಕೋಟಿನ ಮೇಲೆ ಇಳಿಯಿತು. ಸರ್ಕಾರದ ದೊಡ್ಡ ಡಾಕ್ಟರ ರಕ್ತ ಕಂಡು ಜನ ಹಿಂದೆ ಸರಿದು ಜಗಲಿ ಸೇರಿದರು. ಪ್ರಜ್ಞೆ ತಪ್ಪಿದ ಅವರನ್ನು ಮಿಕ್ಕ ಡಾಕ್ಟರುಗಳು ಹೊರಗೆ ಎತ್ತಿಕೊಂಡು ಹೋದರು. ಹಗ್ಗ ಬಿಚ್ಚಲು ನಾನೊಬ್ಬನೇ ಉಳಿದೆ.

ಎಡಗೈ ಸಡಿಲಾದ ಕೂಡಲೇ ಕಾಂಪೌಂಡರು ನನ್ನನ್ನು ನೂಕಿ, ಬಿದ್ದಿದ್ದ ಕಬ್ಬಿಣದ ಕೋಲು ಹಿಡಿದು, ಮೂಲೆ ಸೇರಿದ. ಒಂದು ಕಣ್ಣು ಮುಚ್ಚಿಹೋಗಿತ್ತು. ಉಳಿದ ಕಣ್ಣಿನಲ್ಲಿ ನನ್ನ ಗುರುತಿದ್ದಂತೆ ಕಾಣಲಿಲ್ಲ. ನಾನು ಪಕ್ಕದ ಗೋಡೆಗೆ ಒರಗಿ ನೆಲಕ್ಕೆ ಕೂತು, ಅಂಗೈ ಬಿಚ್ಚಿ, ಇನ್ನು ಯಾರೂ ನಿನ್ನನ್ನು ಹೊಡೆಯುವುದಿಲ್ಲ ಎಂದು ಮೆಲ್ಲಗೆ ಹೇಳಿದೆ.

"ಆ ಪಾಠ ನನ್ ಮ್ಯಾಲೆ ಮಾಡ್ಬ್ಯಾಡಿ ಸ್ವಾಮಿ," ಎಂದ. "ನಾನೂ ಕೇಳಿಸ್ಕಂಡಿವ್ನಿ ಅದ."

ಕೋಲು ಬೀಸಿ ಬಂತು. ನನ್ನ ಕಿವಿಯ ಪಕ್ಕದ ಗೋಡೆಯ ಗಾರೆ ಕಿತ್ತು ಭುಜದ ಮೇಲೆ ಸುರಿಯಿತು. ಅದು ನನ್ನ ತಲೆಗೇ ಬೀಸಿದ್ದೋ ಗೋಡೆಗೋ, ನನಗೆ ಈವತ್ತಿಗೂ ಗೊತ್ತಿಲ್ಲ. ಆಮೇಲೆ ಅವನು, "ಒಸಿ ನೀರು ಕೊಡಿ," ಎಂದ.

ನೀರಿನ ಗಡಿಗೆ ಇದ್ದದ್ದು ಅವನ ಹಿಂದೆ, ಆ ಮೂಲೆಯಲ್ಲೇ. ಅವನ ಕೋಲಿನ ಕೆಳಗೆ ಹಾದು, ಬೆನ್ನು ತೋರಿಸಿ, ಬಗ್ಗಿ ಮೊಗೆಯಬೇಕಿತ್ತು. ಹೋದೆ. ಚೊಂಬು ತುಂಬಿಕೊಂಡು ಅವನತ್ತ ತಿರುಗಿದೆ.

ಚೊಂಬನ್ನು ನಾನೇ ಅವನ ಬಾಯಿಗೆ ಹಿಡಿದೆ. ಕುಡಿದು, ರಕ್ತ ಬೆರೆತ ನೀರು ಉಗಿದು, ಗೋಡೆಗೊರಗಿ ಕುಸಿದು, ಮುರಿದ ಕೈಯನ್ನು ನನ್ನ ಮುಂದೆ ಚಾಚಿದ. ಕೋಲು ಮಾತ್ರ ಬಿಡಲಿಲ್ಲ. ನಾನು ಮೂಳೆ ಕೂಡಿಸುವಷ್ಟು ಹೊತ್ತೂ ಅದು ನನ್ನ ತಲೆಯ ಮೇಲೆಯೇ ಇತ್ತು. ಕೈ ನೊಂದಾಗಲೆಲ್ಲ ಇನ್ನಷ್ಟು ಮೇಲೇರುತ್ತಿತ್ತು.