ಅಳಿಸುವುದಕ್ಕೆಂದೇ ಬರೆಯುವ ಕೋದಂಡಪ್ಪ

ಬೆಳಗಿನ ಆರೂ ಕಾಲು ಗಂಟೆ. ಮೇಲೆ ಆಂಡರ್ಸನ್‌ಪೇಟೆಯಲ್ಲಿ ಒಲೆಗಳು ಈಗಷ್ಟೇ ಹೊಗೆಯಾಡುತ್ತಿವೆ. ಕೆಳಗೆ, ಚಿನ್ನದ ಗಣಿಯೊಳಗೆ, ನೆಲದಿಂದ ಆರು ಸಾವಿರ ಅಡಿ ಆಳದಲ್ಲಿ, ಕೋದಂಡಪ್ಪ ಬರಿಮೈಯಲ್ಲಿ ನಿಂತು ಬಂಡೆಗೆ ಕಿವಿಗೊಟ್ಟಿದ್ದಾರೆ. ರಾತ್ರಿ ಪಾಳಿಯವರು ಮದ್ದು ಹಾರಿಸಿ ಹೋದ ಜಾಗ. ಹೊಗೆ ಪೂರ್ತಿ ಇಳಿದಿಲ್ಲ. ಕೈಯಲ್ಲಿ ಆರಡಿ ಗಡಾರಿ. ತಲೆಯ ಮೇಲಿನ ಬಂಡೆಗೆ ಅದರ ತುದಿಯಿಂದ ಒಮ್ಮೆ ಕುಟ್ಟಿ ಉಸಿರು ಬಿಗಿಹಿಡಿಯುತ್ತಾರೆ. ಖಣ್ ಎಂದರೆ ಬಂಡೆ ಗಟ್ಟಿ. ಬೊದ್ ಎಂದರೆ ಒಳಗೆ ಬಿರುಕು ಬಿಟ್ಟಿದೆ ಎಂದರ್ಥ, ಕೂಡಲೇ ಪಕ್ಕಕ್ಕೆ ಸರಿದು ಅದನ್ನು ಕಿತ್ತು ಕೆಡವಬೇಕು. ಇವತ್ತು ಎರಡು ಕಡೆ ಬೊದ್ ಎಂದಿದೆ. ಕೆಡವಿದ ಕಲ್ಲಿನ ಧೂಳು ಅವರ ರೆಪ್ಪೆಗಳ ಮೇಲೆ ಕೂತಿದೆ.

ಎಲ್ಲ ಮುಗಿದ ಮೇಲೆ ಸೊಂಟದ ಚೀಲದಿಂದ ಸೀಮೆಸುಣ್ಣ ತೆಗೆಯುತ್ತಾರೆ. ಪಕ್ಕದ ಗೋಡೆಯ ಮೇಲೆ, ಎದೆಯೆತ್ತರದಲ್ಲಿ, ನಾಲ್ಕು ಇಂಗ್ಲಿಷ್ ಅಕ್ಷರ ಬರೆಯುತ್ತಾರೆ. ಸೇಫ್. ಕೆಳಗೆ ತಾರೀಕು. ಆಮೇಲೆ ಅದರಡಿಯಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಎಲೆ ಅಡಿಕೆ ಮುಗಿಯುವಷ್ಟು ಹೊತ್ತು ಕಾಯುತ್ತಾರೆ. ತಾನು ಕೂರದ ಜಾಗಕ್ಕೆ ಇನ್ನೊಬ್ಬನನ್ನು ಕರೆಯಬಾರದು ಎನ್ನುವುದು ಅವರೇ ಮಾಡಿಕೊಂಡ ಕಟ್ಟಳೆ, ಕಂಪನಿಯ ಯಾವ ಪುಸ್ತಕದಲ್ಲೂ ಅದು ಇಲ್ಲ.

ವಯಸ್ಸು ಐವತ್ತೆರಡು. ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ದಿನಕ್ಕೆ ಐದು ಜಾಗ, ಒಂದೊಂದರಲ್ಲೂ ಎಪ್ಪತ್ತು ಎಂಬತ್ತು ಪೆಟ್ಟು. ಎಡಗಿವಿ ಸೂಕ್ಷ್ಮವಾಗಿದೆ, ಬಲಗಿವಿ ಮದ್ದಿನ ಸದ್ದಿಗೆ ಎಂದೋ ಹೋಗಿದೆ. ಮಾತಾಡಿಸುವವರು ಅವರ ಎಡಕ್ಕೇ ಬಂದು ನಿಲ್ಲಬೇಕು. ಯಾವ ಗಣಿ, ಯಾವ ಶಾಫ್ಟು ಎಂದು ಪತ್ರಿಕೆಯಲ್ಲಿ ಬರೆಯಬಾರದು ಎಂಬುದೊಂದೇ ಅವರ ಷರತ್ತು. ಪಿಂಚಣಿಗೆ ಇನ್ನು ಏಳು ತಿಂಗಳಿದೆ, ಷರತ್ತಿಗೆ ಕಾರಣ ಯಾರೂ ಕೇಳಬೇಕಾಗಿಲ್ಲ.

ಬಂಗಾರಪೇಟೆಯಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದವರು ಕೋದಂಡಪ್ಪ. ಇಪ್ಪತ್ತೊಂದರಲ್ಲಿ ರೈಲು ಹತ್ತಿ ಮಾರಿಕುಪ್ಪಂನಲ್ಲಿ ಇಳಿದರು. ಬಂಡೆಯ ಸದ್ದು ಕೇಳುವುದನ್ನು ಕಲಿಸಿದ್ದು ವೇಲೂರು ಕಡೆಯ ಒಬ್ಬ ಹಿರಿಯ ಕೆಲಸಗಾರ. ಅಕ್ಷರ ಕಲಿಸಿದ್ದು ಒಬ್ಬ ಬಿಳಿಯ ದೊರೆ, ಅದೂ ಅರ್ಧ ಗಂಟೆಯಲ್ಲಿ, ಅದಿರಿನ ಗಾಡಿಯ ಮೈಮೇಲೆ ಗೀಚಿ ತೋರಿಸಿ. ಶಾಲೆಯ ಮೆಟ್ಟಿಲು ಹತ್ತದ ಕೋದಂಡಪ್ಪ ಅದನ್ನು ತಮ್ಮದೇ ರೀತಿಯಲ್ಲಿ ನೆನಪಿಟ್ಟುಕೊಂಡರು: ಹಾವು, ಏಣಿ, ಬೀಗದಕೈ, ಬಾಚಣಿಗೆ. ಇವತ್ತಿಗೂ ಬರೆಯುವಾಗ ತುಟಿ ಅಲ್ಲಾಡುವುದು ಈ ನಾಲ್ಕಕ್ಕೇ.

ಸೇಫ್ ಎಂಬ ಆ ಮಾತಿನ ಹಿಂದಿನ ಕಥೆ ಅವರಿಗೆ ಗೊತ್ತಾದದ್ದು ತೀರ ಈಚೆಗೆ. ಹೇಳಿದವರು ಆಂಡರ್ಸನ್‌ಪೇಟೆಯ ಶ್ರೀನಿವಾಸಪ್ಪ ಮೇಷ್ಟ್ರು. ಇಂಗ್ಲಿಷ್ ಪಾಠ ಮಾಡುವ, ದಪ್ಪ ನಿಘಂಟುಗಳನ್ನು ಮಗುವಿನ ಹಾಗೆ ಬಟ್ಟೆ ಸುತ್ತಿ ಇಡುವ ಮನುಷ್ಯ. ಮೇಷ್ಟ್ರ ಪ್ರಕಾರ ಅದು ಲ್ಯಾಟಿನ್ನಿನ ಸಾಲ್ವುಸ್ ಎಂಬ ಪದ, ಫ್ರೆಂಚರ ಬಾಯಿ ಹಾದು ಇಂಗ್ಲಿಷಿಗೆ ಬಂತು. ಅರ್ಥ: ಮುಕ್ಕಾಗದೆ ಉಳಿದದ್ದು, ಇಡಿಯಾದದ್ದು. ನಮ್ಮ ಸಂಸ್ಕೃತದ ಸರ್ವ ಅದಕ್ಕೆ ಒಡಹುಟ್ಟು. ಮೊದಮೊದಲು ಅದು ಮನುಷ್ಯನಿಗೆ ಹೇಳುವ ಮಾತಾಗಿತ್ತು. ದಂಡಿಗೆ ಹೋದವನು, ಕಡಲಿಗೆ ಹೋದವನು ಕೈಕಾಲು ನೆಟ್ಟಗೆ ಇಟ್ಟುಕೊಂಡು ವಾಪಸು ಬಂದರೆ ಅವನು ಸೇಫ್. ಬರುಬರುತ್ತಾ ಹಾದಿಗೆ, ಜಾಗಕ್ಕೆ ಹೇಳತೊಡಗಿದರು. ಆಮೇಲೆ ಇಲಿ ಬಾಯಿ ಹಾಕದ ತಿಂಡಿಯ ಪೆಟ್ಟಿಗೆಗೆ, ಕಳ್ಳ ಮುಟ್ಟದ ಕಬ್ಬಿಣದ ಪೆಟ್ಟಿಗೆಗೆ ಅದೇ ಹೆಸರಾಯಿತು.

ಮೇಷ್ಟ್ರ ಜಗಲಿಯಲ್ಲಿ ಇದನ್ನು ಕೇಳಿದ ಕೋದಂಡಪ್ಪ ಹೇಳಿದ್ದು ಇಷ್ಟು: "ಮನುಸನ ಮಾತ್ನ ತಂದು ಬಂಡೆ ಮ್ಯಾಲೆ ಯಾಕೆ ಬರೆಸಿದ್ರು ಸಾಮಿ? ಬಂಡೆಗೇನಾಯ್ತದೆ. ಮುಕ್ಕಾಗೋರು ನಾವು."

ನಿಘಂಟು ಏನೇ ಹೇಳಲಿ, ಗಣಿ ಕೆಲಸಗಾರರ ಮನೆಸಾಲುಗಳಾದ ಲೈನುಗಳಲ್ಲಿ ಆ ಮಾತು ತನ್ನ ಪಾಡಿಗೆ ತಾನು ಬೆಳೆದಿದೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದ್ದರಲ್ಲಿ ತಮಿಳು, ಎದುರಿನದರಲ್ಲಿ ತೆಲುಗು. ಮೂವರಿಗೂ ಸೇಫ್ ಒಂದೇ. ಪಾಳಿ ಬಿಟ್ಟವರನ್ನು ಹೊತ್ತು ಕೇಜು ಮೇಲೆ ಬರುವಾಗ ಗೇಟಿನ ಬಳಿ ನಿಂತ ಹೆಂಗಸರು ಕೇಳುವುದು ಒಂದೇ ಪ್ರಶ್ನೆ, "ಸೇಫಾ?" ಬಂದವನು ತಲೆಯಾಡಿಸಿದರೆ ಸಾಕು, ಹೆಂಗಸು ಸೆರಗು ಸರಿಪಡಿಸಿಕೊಂಡು ಮನೆಯ ದಾರಿ ಹಿಡಿಯುತ್ತಾಳೆ. ಲ್ಯಾಟಿನ್ನಿನ ಗಾಳಿ ಸೋಕದ ಈ ತಾಯಂದಿರ ಬಾಯಲ್ಲಿ ಮಾತು ತನ್ನ ಹುಟ್ಟಿದ ಅರ್ಥಕ್ಕೇ ಮರಳಿದೆ.

ಆದರೆ ನೆಲದಡಿಯಲ್ಲಿ ಅದೇ ಮಾತು ಬೇರೊಂದು ದಾರಿ ಹಿಡಿಯಿತು. ಓದು ಬಾರದ ಗಂಡಸರು ದಿನವೂ ಅದನ್ನು ನೋಡುತ್ತಾರೆ. ಅದು ಇರುವ ಕಡೆ ಸಾವಿಲ್ಲ ಎಂದು ಕೇಳುತ್ತಾರೆ. ಅಕ್ಷರಗಳ ಕೆಳಗೆ ಬುತ್ತಿ ಬಿಚ್ಚುತ್ತಾರೆ. ಯಾರೋ ಒಬ್ಬ ಮನೆಯಿಂದ ಚಿಟಿಕೆ ಕುಂಕುಮ ತಂದು ಹಚ್ಚಿದ, ಇನ್ನೊಬ್ಬ ವಿಭೂತಿ ಎಳೆದ. ಕೊನೆಗೆ ಅದು ಕಲ್ಲಿನ ಮೇಲಿನ ಬರಹವಾಗಿ ಉಳಿಯಲೇ ಇಲ್ಲ, ದೇವರಾಯಿತು. ಆರು ಸಾವಿರ ಅಡಿ ಆಳಕ್ಕೆ ಇಳಿಯುವವನು ಯಾವುದನ್ನಾದರೂ ಕೈಮುಗಿಯದೆ ಇರುತ್ತಾನೆಯೇ? ನಗುವುದು ಮೇಲಿರುವವರಿಗೆ ಸುಲಭ.

ನಿಯಮ ಏನೆಂದರೆ, ಮದ್ದು ಹಾರಿದ ಮೇಲೆ ಹಳೆಯ ಗುರುತನ್ನು ಅಳಿಸಿ, ಬಂಡೆಯನ್ನು ಮತ್ತೆ ಕುಟ್ಟಿ ನೋಡಿ, ಹೊಸದಾಗಿ ಬರೆಯಬೇಕು. ನಿನ್ನೆಯ ಸೇಫ್ ಇವತ್ತಿನದಲ್ಲ. ಕೋದಂಡಪ್ಪ ಎಲ್ಲ ಕಡೆ ಅಳಿಸುತ್ತಿದ್ದರು, ಕುಂಕುಮ ಹಚ್ಚಿದ ಒಂದು ಕಡೆ ಬಿಟ್ಟು. ಅಲ್ಲಿ ಕೈ ಬರುತ್ತಿರಲಿಲ್ಲ. ಹಣೆಯ ಮೇಲಿರುವುದನ್ನು ಒರೆಸಿದ ಹಾಗೆ ಆಗುತ್ತದಲ್ಲ ಎಂದು ಜೀವ ಹಿಂಜರಿಯುತ್ತಿತ್ತು. ತಾರೀಕು ಬರೆಯುವ ರೂಢಿಯೂ ಆಗ ಇರಲಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರ ಶ್ರಾವಣ. ಸೋಮವಾರ ಅವರು ಆ ಜಾಗ ನೋಡಿದ್ದರು, ಬಂಡೆ ಗಟ್ಟಿಯಿತ್ತು. ಮಂಗಳವಾರ ಪಕ್ಕದಲ್ಲಿ ಮದ್ದು ಹಾರಿತು. ಬುಧವಾರ ಅವರಿಗೆ ಬೇರೆ ಕಡೆ ಕೆಲಸ. ಆ ಮಧ್ಯಾಹ್ನ ಕುಂಕುಮವಿದ್ದ ಅಕ್ಷರಗಳ ಕೆಳಗೆ ಮೂವರು ಊಟಕ್ಕೆ ಕೂತರು. ಮೇಲಿನ ಬಂಡೆ ಸದ್ದಿಲ್ಲದೆ ಬಂತು. ಇಬ್ಬರು ಕಾಲು ಕಳೆದುಕೊಂಡು ಬದುಕಿದರು. ಬದುಕುಳಿಯದ ಮೂರನೆಯವರು ಜಯರಾಮಪ್ಪ, ಕೋದಂಡಪ್ಪನವರ ಒಬ್ಬಳೇ ತಂಗಿ ಮುನಿರತ್ನಮ್ಮನ ಗಂಡ. ಅಕ್ಷರಗಳಿದ್ದ ಪಕ್ಕದ ಗೋಡೆಗೆ ಒಂದು ಚೂರೂ ಆಗಿರಲಿಲ್ಲ.

ವಿಚಾರಣೆ ಅರ್ಧ ದಿನ ನಡೆಯಿತು. ಹಳೆಯ ಗುರುತು ಅಳಿಸದೆ ಬಿಟ್ಟವನು ನಾನೇ ಎಂದು ಕೋದಂಡಪ್ಪ ಕೈಕಟ್ಟಿಕೊಂಡು ಹೇಳಿದರು. ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ. ಬಂಡೆ ತಾನಾಗಿ ಜರುಗಿತು, ಯಾರ ತಪ್ಪೂ ಇಲ್ಲ ಎಂದು ತೀರ್ಮಾನವಾಯಿತು. ಆ ಜಾಗಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿದರು. ಬಿಡುಗಡೆಯಾಗಬೇಕಾದ ಮನುಷ್ಯನಿಗೆ ಅಂದಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

"ತೆಪ್ಪು ನಿಂದೇ ಅಂತ ಯಾರಾನಾ ಒಬ್ರು ಅಂದಿದ್ರೆ ಓಗಿರೋದು," ಎನ್ನುತ್ತಾರೆ. "ಎಲ್ರೂ ಇಲ್ಲ ಅಂದ್ಬುಟ್ರು. ಈಗ ನಾನೊಬ್ನೇ ಒತ್ಕಂಡಿವ್ನಿ."

ಒಬ್ಬರು ಮಾತ್ರ ಇಲ್ಲ ಅನ್ನಲಿಲ್ಲ. ಮುನಿರತ್ನಮ್ಮ ಅಣ್ಣನ ಮನೆಗೇ ಬಂದು ಸೇರಿದರು, ಬೇರೆ ದಿಕ್ಕಿರಲಿಲ್ಲ. ಅತ್ತಿಗೆ ಪಾಪಕ್ಕನ ಜೊತೆ ಮಾತಾಡುತ್ತಾರೆ, ಅಣ್ಣನಿಗೆ ಮುದ್ದೆ ಬಡಿಸುತ್ತಾರೆ, ಅವರ ಬಟ್ಟೆಯ ಗಣಿಧೂಳು ಒಗೆದು ತೆಗೆಯುತ್ತಾರೆ. ಅಣ್ಣನ ಜೊತೆ ಐದು ವರ್ಷದಲ್ಲಿ, ಕಳೆದ ತಿಂಗಳ ಒಂದು ಸಂಜೆ ಬಿಟ್ಟರೆ, ಒಂದು ಮಾತಿಲ್ಲ. ಆ ಇಂಗ್ಲಿಷ್ ಪದವನ್ನೂ ಅವರು ಬಿಟ್ಟಿದ್ದಾರೆ. ಲೈನಿನಲ್ಲೆಲ್ಲ ಸೇಫು ಎಂದೇ ಕರೆಯುವ ತಿಂಡಿಯ ಬೀರು ಅವರ ಬಾಯಲ್ಲಿ ಬರೀ ಜಾಲರಿ ಪೆಟ್ಟಿಗೆ.

ಅಂದಿನಿಂದ ಕೋದಂಡಪ್ಪ ಸೀಮೆಸುಣ್ಣದ ಜೊತೆ ಒದ್ದೆ ಬಟ್ಟೆಯನ್ನೂ ಒಯ್ಯುತ್ತಾರೆ. ಪಾಳಿ ಮುಗಿದ ಮೇಲೆ ಎಲ್ಲರೂ ಕೇಜಿನ ಕಡೆ ಓಡುವಾಗ ಅವರು ಹಿಂದಕ್ಕೆ ನಡೆದು ಬೆಳಿಗ್ಗೆ ಬರೆದ ಐದನ್ನೂ ಅಳಿಸಿ ಬರುತ್ತಾರೆ. ಅಷ್ಟು ಹೊತ್ತು ಅವರ ಸ್ವಂತದ್ದು, ಅದಕ್ಕೆ ಕೂಲಿಯಿಲ್ಲ. ಗಂಡಸರಿಗೆ ಇದು ಹಿಡಿಸಿಲ್ಲ. ಇವರ ಜೊತೆಗೇ ಕೆಲಸಕ್ಕೆ ಸೇರಿದ ಚಿಕ್ಕವೆಂಕಟಪ್ಪನೇ ಮುಖ ತಿರುಗಿಸುತ್ತಾರೆ, ದೇವರನ್ನು ಒರೆಸುವ ಕೈ ಎಂದು ಬೆನ್ನ ಹಿಂದೆ ಆಡಿಕೊಳ್ಳುವವರೂ ಇದ್ದಾರೆ. ಆದರೂ ಒರೆಸುತ್ತಾರೆ. ಕುಂಕುಮ ಬಟ್ಟೆಗೆ ಹತ್ತಿದರೆ ಮನೆಗೆ ತರದೆ ಅಲ್ಲೇ ಹಿಂಡಿ ಬರುತ್ತಾರೆ.

ಉಳಿದಿರುವುದು ಒಂದೇ ಗುರುತು, ಕಟ್ಟಿದ ಗೋಡೆಯ ಒಳಗಡೆಯದು. ಐದು ವರ್ಷದಿಂದ ಅದು ಕತ್ತಲಲ್ಲಿ ಸೇಫ್ ಎನ್ನುತ್ತಲೇ ಇದೆ, ಹಣೆಗೆ ಕುಂಕುಮ ಇಟ್ಟುಕೊಂಡು. ಪಿಂಚಣಿಗೆ ಮೊದಲು ಗೋಡೆಯ ಎರಡು ಕಲ್ಲು ಸರಿಸಿ ಅದನ್ನು ಅಳಿಸಿ ಬರಬೇಕು, ಇದು ಕೋದಂಡಪ್ಪನವರ ಹಟ. ಮೇಷ್ಟ್ರ ಕೈಲಿ ಮೂರು ಅರ್ಜಿ ಬರೆಸಿ ಕೊಟ್ಟರು. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಕಳೆದ ತಿಂಗಳು ಒಂದು ಸಾಲಿನ ಇಂಗ್ಲಿಷ್ ಕಾಗದ ಬಂತು. ಮೇಷ್ಟ್ರು ಓದಿದರು, ಮತ್ತೆ ಓದಿದರು, ಆಮೇಲೆ ಕನ್ನಡದಲ್ಲಿ ಹೇಳಿದರು. ಗೋಡೆ ತೆಗೆಯಲು ಅಪ್ಪಣೆಯಿಲ್ಲ, ಆ ಜಾಗ ಸೇಫ್ ಅಲ್ಲ.

ಕೋದಂಡಪ್ಪ ಕಾಗದವನ್ನು ಕೈಗೆ ತೆಗೆದುಕೊಂಡು ತಮಗೆ ಪರಿಚಯವಿದ್ದ ನಾಲ್ಕು ಅಕ್ಷರಗಳನ್ನು ಹುಡುಕಿದರು. ಅವು ಸಿಕ್ಕವು. ಅವುಗಳಿಗೂ ಮೊದಲು ಇನ್ನೂ ಮೂರು ಅಕ್ಷರವಿತ್ತು.

"ಇದೇನು ಮೇಷ್ಟ್ರೇ?"

ಅದೇ 'ಅಲ್ಲ' ಎನ್ನುವ ಮಾತು ಎಂದರು ಮೇಷ್ಟ್ರು.

"ಮೂವತ್ತೊಂದು ವರ್ಸ ಆಯ್ತು. ಇದ್ನ ನಂಗೆ ಯಾರೂ ಕಲಿಸ್ಲೇ ಇಲ್ವಲ್ಲ," ಎಂದರು ಕೋದಂಡಪ್ಪ.

ಕಲಿಸಿಲ್ಲ, ನಿಜ. ದೊರೆಗೆ ಬೇಕಾಗಿದ್ದು ಕೆಲಸ ಶುರುವಾಗುವ ಮಾತು, ನಿಲ್ಲುವ ಮಾತಲ್ಲ. ಅವತ್ತು ಸಂಜೆಯೇ ಅವರು ಮೇಷ್ಟ್ರಿಂದ ಒಂದು ಸ್ಲೇಟು ಕೇಳಿ ತಂದು ಮನೆಯ ಹೊಸ್ತಿಲ ಬಳಿ ಕೂತರು. ಓರೆ ತೊಲೆ, ಬಳೆ, ಸುತ್ತಿಗೆ. ಈ ಮೂರನ್ನು ಗೀಚಿದರು, ಒರೆಸಿದರು, ಮತ್ತೆ ಗೀಚಿದರು. ಬಳೆ ಮೊಟ್ಟೆಯಾಗುತ್ತಿತ್ತು. ಮುನಿರತ್ನಮ್ಮ ಒಳಗಿಂದ ಬಂದು ಬೆನ್ನ ಹಿಂದೆ ನಿಂತಿದ್ದು ಅವರಿಗೆ ತಿಳಿಯಲಿಲ್ಲ, ನಿಂತದ್ದು ಬಲಗಡೆಗೆ. ಇದೇನು ಎಂದು ಕೇಳಿದ್ದೂ ಕೇಳಿಸಲಿಲ್ಲ. ತಂಗಿ ಎಡಕ್ಕೆ ಬಂದು ಇನ್ನೊಮ್ಮೆ ಕೇಳಬೇಕಾಯಿತು. ಗೋಡೆಯ ವಿಷಯ, ಕಾಗದದ ವಿಷಯ ಎಲ್ಲವನ್ನೂ ಅಣ್ಣ ತಲೆಯೆತ್ತದೆ ಹೇಳಿ ಮುಗಿಸಿದರು.

ಮುನಿರತ್ನಮ್ಮ ಸ್ಲೇಟನ್ನು ನೋಡಿದರು. "ಅವತ್ತು ಇದು ಇದ್ದಿದ್ರೆ ಅವ್ರು ಕೂತಿರ್ತಿರ್ಲಿಲ್ಲ," ಎಂದರು. ಸ್ಲೇಟನ್ನು ಬೆರಳಲ್ಲಿ ತೋರಿಸಿ, "ದೊಡ್ಡದಾಗಿ ಬರಿ ಅಣ್ಣಯ್ಯ. ಸುಣ್ಣದಾಗೆ ಬ್ಯಾಡ, ಬಣ್ಣದಾಗೆ ಬರಿ."

ಕ್ಷಮೆ ಎಂದು ಇದನ್ನು ಕರೆಯುವ ಆತುರ ಬೇಡ. ಮಾರನೆಯ ದಿನದಿಂದ ಮನೆಯಲ್ಲಿ ಮತ್ತೆ ಮಾತಿಲ್ಲ, ಮೊದಲಿನಂತೆಯೇ ಮುದ್ದೆ, ಮೊದಲಿನಂತೆಯೇ ಮೌನ.

ಆ ವಾರ ಕೋದಂಡಪ್ಪ ಬುತ್ತಿಯ ಕೆಳಗೆ ಒಂದು ಡಬ್ಬಿ ಬಿಳಿ ಬಣ್ಣ ಇಟ್ಟುಕೊಂಡು ಕೇಜು ಹತ್ತಿದರು. ಗೋಡೆಯ ಹೊರಮೈ ಮೇಲೆ ಏಳು ಅಕ್ಷರ ಬರೆದರು, ಒಂದೊಂದೂ ಮೊಳದುದ್ದ. ಪಾಳಿಯ ಮೇಸ್ತ್ರಿ ನೋಡಿಯೂ ನೋಡದ ಹಾಗೆ ಹೋದರು. ಅದೇನೆಂದು ಕೇಳಿದ ಒಬ್ಬೊಬ್ಬರಿಗೂ, ಓದಲು ಬಾರದವರಿಗೆ ಎರಡೆರಡು ಸಲ, ಮೊದಲ ಮೂರು ಅಕ್ಷರ ತೋರಿಸಿ ಹೇಳಿದರು, ಇವು ಇದ್ದ ಕಡೆ ಕೂರಬೇಡಿ ಎಂದು.

ನಾಲ್ಕನೆಯ ದಿನ ಅದಕ್ಕೂ ಕುಂಕುಮ ಬಿದ್ದಿತ್ತು.

ಕೋದಂಡಪ್ಪ ಒದ್ದೆ ಬಟ್ಟೆ ತೆಗೆದರು. ಚಿಕ್ಕವೆಂಕಟಪ್ಪ ಅಡ್ಡ ಬಂದು ಅವರ ಎಡಗಿವಿಯ ಹತ್ತಿರ ಹೇಳಿದ್ದನ್ನು ಅವರು ಹಾಗೇ ನೆನಪಿಟ್ಟಿದ್ದಾರೆ: "ಇದು ಆ ಕುಂಕುಮ ಅಲ್ಲ ಕಣ್ಲಾ ಕೋದಂಡ. ಒಳಗೆ ಜಯರಾಮನ ಉಸ್ರು ಐತೆ, ಅವುನ್ಗೆ ಇಟ್ಟಿದ್ದು. ಇಲ್ಲಿ ಯಾವನೂ ಕೂರಲ್ಲ."

ನಂಬದ ಕೋದಂಡಪ್ಪ ಆರು ದಿನ ಊಟದ ಹೊತ್ತಿಗೆ ದೂರದಲ್ಲಿ ನಿಂತು ಕಾದಿದ್ದಾರೆ. ಜನ ಗೋಡೆಯ ಮುಂದೆ ಬಂದಾಗ ಒಂದು ಕೈಯಿಂದ ಮುಟ್ಟಿ, ತಲೆ ಬಗ್ಗಿಸಿ, ಹೆಜ್ಜೆ ಬಿರುಸು ಮಾಡಿ ದಾಟಿಹೋಗುತ್ತಾರೆ. ಬುತ್ತಿ ಬಿಚ್ಚುವುದು ಇನ್ನೂರು ಹೆಜ್ಜೆ ಆಚೆ. ಏಳನೆಯ ದಿನ ಅವರು ಕಾಯುವುದನ್ನು ಬಿಟ್ಟರು.

ಪಿಂಚಣಿ ಆದ ಮೇಲೆ ಏನು ಮಾಡುತ್ತೀರಿ ಎಂದರೆ ಬಂಗಾರಪೇಟೆ ಕಡೆಯ ಹಳ್ಳಿಗೆ ಹೋಗಿ ನಾಲ್ಕು ಕುರಿ ಹಿಡಿಯುತ್ತೇನೆ ಎನ್ನುತ್ತಾರೆ. ತಂಗಿಯೂ ಬರುತ್ತಾಳೋ ಇಲ್ಲವೋ, ಕೇಳಿಲ್ಲ. ಒದ್ದೆ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕುತ್ತಾ ಕೊನೆಗೆ ಹೇಳುತ್ತಾರೆ.

"ನಾನು ಬಿಟ್ಟು ಬರೋ ದಿನ ನನ್ ಅಕ್ಸರ ಒಂದೂ ಕೆಳಗೆ ಉಳೀಬಾರ್ದು ಅಂತಿದ್ದೆ. ಎಲ್ಲಾ ಅಳ್ಸೇ ಬತ್ತೀನಿ. ಆ ಗೋಡೆ ಮ್ಯಾಲಿಂದೊಂದು ಇರ್ಲಿ. ಅದ್ನ ಮಾತ್ರ ಯಾರೂ ಅಳಿಸ್ಬ್ಯಾಡ್ರಿ."